ಟ್ರೆಡ್‌ಮಿಲ್‌ಗೆ 4 ಸ್ಟಾರ್, ಪೆನ್ಸಿಲ್ ಹೀಲ್‌ಗೆ ಸೊನ್ನೆ

ಮೊದಲೇ ಹೇಳಿಬಿಡ್ತೀನಿ. ಈ ಟ್ರೆಡ್‌ಮಿಲ್ ಮಾಡಿದ್ದು ಬೂಟು ಹಾಕಿಕೊಂಡು ನಡೆಯೋರಿಗೆ. ನಾನು ಹತ್ತಿದ್ದು ಮೂರು ಇಂಚಿನ ಹೈ ಹೀಲ್ಸ್ ಹಾಕಿಕೊಂಡು. ಹಾಗಾಗಿ ಕೆಳಗೆ ಬರುವ ಬೈಗುಳದಲ್ಲಿ ಅರ್ಧ ನನಗೇ ಸೇರಬೇಕು.

ನಾನು ಮದುವೆ, ರಿಸೆಪ್ಷನ್‌ಗಳಲ್ಲಿ ನಿರೂಪಣೆ ಮಾಡ್ತೀನಿ. ಹುಬ್ಬಳ್ಳಿ, ಧಾರವಾಡ, ಸೀಸನ್ ಬಂದರೆ ಗದಗ, ಹಾವೇರಿವರೆಗೂ. ಎತ್ತರ ಐದು ಅಡಿ ಒಂದು ಇಂಚು. ಹೀಲ್ಸ್ ಇಲ್ಲದೆ ನಿಂತರೆ ಫೋಟೋದಲ್ಲಿ ಹೂವಿನ ಕುಂಡದ ಹಿಂದೆ ಮಾಯ. ಕಳೆದ ಮೇ ತಿಂಗಳಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ವೇದಿಕೆಯ ಮೆಟ್ಟಿಲು ಇಳಿಯುವಾಗ ಕಾಲು ಹೊರಳಿತು. ಕೈಯಲ್ಲಿ ಮೈಕ್ ಆನ್ ಇತ್ತು. ನಾನು "ಯವ್ವಾ!" ಅಂದದ್ದು ಊಟದ ಹಾಲ್‌ವರೆಗೂ ಕೇಳಿಸಿತು. ಎರಡನೇ ಪಂಕ್ತಿಯವರು ಎಡಗೈಯಲ್ಲಿ ಸೀರೆ ಎತ್ತಿಕೊಂಡು, ಬಲಗೈ ಎಂಜಲಲ್ಲೇ ಬಂದು ನೋಡಿದರು.

ಅವತ್ತು ರಾತ್ರಿ ಫೋನ್‌ನಲ್ಲಿ ಹುಡುಗಿಯರು ಹೀಲ್ಸ್ ಹಾಕಿಕೊಂಡು ಟ್ರೆಡ್‌ಮಿಲ್ ಮೇಲೆ ನಡೆಯುವ ವಿಡಿಯೋ ಕಣ್ಣಿಗೆ ಬಿತ್ತು. ಆಹಾ, ಇದೇ ಸರಿ ಅನಿಸಿತು. ಮಳೆ ಹಿಡಿದರೆ ಉಣಕಲ್ ಕೆರೆಗೆ ವಾಕಿಂಗ್ ಹೋಗೋದೂ ನಿಲ್ಲುತ್ತೆ, ಒಂದೇ ಮಶಿನ್‌ನಲ್ಲಿ ಎರಡೂ ಕೆಲಸ ಆಗುತ್ತಲ್ವಾ? ಗೋಕುಲ ರೋಡಿನ ಒಂದು ಅಂಗಡಿಯಲ್ಲಿ 28,500 ರೂಪಾಯಿಗೆ ತಂದೆ. ಎರಡು ಎಚ್‌ಪಿ ಮೋಟಾರ್, 100 ಕೆಜಿ ತೂಕದವರೆಗೆ ತಡೆಯುತ್ತೆ, ಏರು ಬೇಕಾದರೆ ಕೈಯಿಂದಲೇ ಮೂರು ಹಂತದಲ್ಲಿ ಎತ್ತಿ ಸಿಕ್ಕಿಸಬೇಕು.

ಬೂಟು ಹಾಕಿ ನಡೆದಾಗ ಮಶಿನ್ ಚಿನ್ನ. ಸದ್ದು ಕಡಿಮೆ, ಕೆಳಗಿನ ಮನೆಯವರು ಇದುವರೆಗೆ ಒಮ್ಮೆಯೂ ಮೇಲೆ ಬಂದಿಲ್ಲ. ಮಡಚಿ ಕಪಾಟಿನ ಪಕ್ಕ ನಿಲ್ಲಿಸಬಹುದು. ಒಂದೇ ತಕರಾರು, ನೀರಿನ ಬಾಟಲಿ ಇಡುವ ಜಾಗದಲ್ಲಿ ನಮ್ಮ ಮನೆಯ ಒಂದು ಬಾಟಲಿಯೂ ಕೂರಲ್ಲ.

ಇನ್ನು ಹೀಲ್ಸ್ ಕಥೆ. ದುರ್ಗದ ಬೈಲಿನಲ್ಲಿ ಕೊಂಡ 650 ರೂಪಾಯಿಯ ಬ್ಲಾಕ್ ಹೀಲ್‌ನಿಂದ, ಅಂದರೆ ಅಗಲ ಹಿಮ್ಮಡಿಯದ್ದರಿಂದ ಶುರು ಮಾಡಿದೆ. ಸ್ಪೀಡ್ ಮೂರು. ಅರ್ಧ ಗಂಟೆಗೆ ಒಂದೂವರೆ ಕಿಲೋಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಷನ್‌ನ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್. ಅಂದರೆ ದಿನಾ ಆ ತುದಿಯಿಂದ ಈ ತುದಿಗೆ ಹೀಲ್ಸ್‌ನಲ್ಲಿ ನಡೆದ ಲೆಕ್ಕ, ರೈಲು ಮಾತ್ರ ಸಿಗ್ತಿರಲಿಲ್ಲ. ಮೊದಲ ವಾರದಲ್ಲೇ ಒಂದು ಲಾಭ ಕಂಡಿತು. ಕೆಳಗೆ ನೋಡದೆ, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ನಡೆಯೋದು ರೂಢಿಯಾಯ್ತು.

ಏರು ಹಾಕಿದರೆ ಹೀಲ್ಸ್ ಇನ್ನೂ ಸುಲಭ. ಮೊದಲು ನಂಬಲಿಲ್ಲ, ಆಮೇಲೆ ಹೊಳೆಯಿತು. ಹೀಲ್ಸ್ ಹಾಕಿದ ಪಾದ ಯಾವಾಗಲೂ ಇಳಿಜಾರಿನಲ್ಲಿ ನಿಂತ ಹಾಗೆ ಮುಂದಕ್ಕೆ ಬಾಗಿರುತ್ತೆ. ಮಶಿನ್ ಮುಂದಿನಿಂದ ಎದ್ದರೆ ಆ ಇಳಿಜಾರು ಸ್ವಲ್ಪ ತಗ್ಗುತ್ತೆ. ಬೆರಳುಗಳ ಮೇಲಿನ ಭಾರವೂ ಕಮ್ಮಿ. ಖುಷಿಯಾಗಿ ಹದಿನೈದು ದಿನ ಹಾಗೇ ನಡೆದೆ. ಆದರೆ ಯಾವ ಮಂಟಪದ ವೇದಿಕೆ ಏರಾಗಿರುತ್ತೆ ಹೇಳಿ?

ಅಷ್ಟರಲ್ಲಿ ಮೀನಖಂಡ ಕಲ್ಲಾಗಿತ್ತು. ಹೀಲ್ಸ್ ಬಿಚ್ಚಿ ಬರಿಗಾಲಲ್ಲಿ ಅಡುಗೆಮನೆಗೆ ಹೋದರೆ ಹಿಮ್ಮಡಿಯ ಮೇಲೆ ಹಗ್ಗ ಜಗ್ಗಿದ ಹಾಗೆ. ಹಿಮ್ಮಡಿ ಎತ್ತಿದಷ್ಟು ಹೊತ್ತೂ ಆ ಸ್ನಾಯು ಗಿಡ್ಡವಾಗೇ ದುಡಿಯುತ್ತೆ, ನೆಲಕ್ಕೆ ಬಂದ ಕೂಡಲೇ ಎಳೆತ. ಅತ್ತೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕೊಟ್ಟರು, ಜೊತೆಗೆ ಒಂದು ಮಾತು: "ರೊಕ್ಕಾ ಕೊಟ್ಟು ಬ್ಯಾನಿ ತಂದಿ ನೋಡವಾ."

ನಮ್ಮ ಮನೆಯಲ್ಲಿ ಟ್ರೆಡ್‌ಮಿಲ್ ಅಂದರೆ ಮೊದಲು ನೆನಪಾಗೋದು ಅಪ್ಪನ ಟಿಎಂಟಿ, ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ. ಗಂಟೆಗೆ 2.7 ಕಿಲೋಮೀಟರ್, ಶೇ 10ರ ಏರಿನಿಂದ ಶುರುವಾಗಿ ಮೂರು ಮೂರು ನಿಮಿಷಕ್ಕೆ ಸ್ಪೀಡೂ ಏರೂ ಜಾಸ್ತಿ ಆಗ್ತಾ ಹೋಗುತ್ತಲ್ಲ, ಅದೇ. ಹತ್ತುವ ಮೊದಲು ಅಪ್ಪನ ಚಪ್ಪಲಿ ಬಿಚ್ಚಿಸಿದ್ದರು. ನಾನು ಅಲ್ಲೇ ನಿಂತು ನೋಡಿದ್ದೆ. ನೋಡಿಯೂ ಬುದ್ಧಿ ಬರಲಿಲ್ಲ.

ಯಾಕೆಂದರೆ ಎರಡನೇ ತಿಂಗಳು ಪೆನ್ಸಿಲ್ ಹೀಲ್ ಹಾಕಿದೆ. ಅದರ ತುದಿ ನನ್ನ ಕಿರುಬೆರಳಿನ ಉಗುರಿನಷ್ಟು. ನನ್ನ ತೂಕ 58 ಕೆಜಿ. ಒಂದು ಹೆಜ್ಜೆಗೆ ಅಷ್ಟೂ ಭಾರ ಆ ಉಗುರಿನ ಮೇಲೆ. ನೆಲದ ಮೇಲಾದರೆ ತುದಿ ಊರಿ ಆಮೇಲೆ ಅಂಗಾಲು ಇಡ್ತೀವಿ. ಇಲ್ಲಿ ತುದಿ ಊರಿದ ಕೂಡಲೇ ಬೆಲ್ಟ್ ಅದನ್ನು ಹಿಂದಕ್ಕೆ ಎಳೆಯುತ್ತೆ, ಅಂಗಾಲು ಇನ್ನೂ ಗಾಳಿಯಲ್ಲೇ ಇರುತ್ತೆ. ನಾಲ್ಕೂವರೆ ಸ್ಪೀಡಿನಲ್ಲಿ ಬಲಗಾಲು ಬೆಲ್ಟ್ ಬಿಟ್ಟು ಪಕ್ಕದ ಪ್ಲಾಸ್ಟಿಕ್ ಪಟ್ಟಿಗೆ ಬಿತ್ತು, ಎಡಗಾಲು ಹಿಂದೆ ಹೋಯ್ತು. ನಾನು ಮಂಚದ ಕಾಲಿನ ಹತ್ತಿರ ಕೂತಿದ್ದೆ. ಬೆಲ್ಟ್ ಪಾಡಿಗೆ ಬೆಲ್ಟ್ ಓಡ್ತಾನೇ ಇತ್ತು, ಒಂದು ಚಪ್ಪಲಿಯನ್ನು ನನ್ನ ಮಡಿಲಿಗೇ ತಂದು ಹಾಕಿತು. ಬಟ್ಟೆಗೆ ಸಿಕ್ಕಿಸುವ ಕೆಂಪು ಕ್ಲಿಪ್ ಇರುತ್ತಲ್ಲ, ದಾರ ಎಳೆದರೆ ಅಯಸ್ಕಾಂತದ ಕೀ ಕಿತ್ತು ಬಂದು ಮಶಿನ್ ನಿಲ್ಲುತ್ತೆ, ಅದು ಹ್ಯಾಂಡಲ್‌ಗೇ ನೇತಾಡ್ತಿತ್ತು. ದಯವಿಟ್ಟು ಸಿಕ್ಕಿಸಿಕೊಳ್ಳಿ. ಬೂಟು ಹಾಕಿದ್ದರೂ.

ಮೊಣಕಾಲು ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಮಶಿನ್‌ಗೆ ಆಯ್ತು. ಎರಡು ದಿನದಲ್ಲಿ ಟಕ್ ಟಕ್ ಸದ್ದು ಶುರು. ಅಂಗಡಿಯವರು ಮೆಕ್ಯಾನಿಕ್ ಹುಡುಗನನ್ನು ಮರುದಿನವೇ ಕಳಿಸಿದರು, ಇದಕ್ಕೆ ಪೂರ್ತಿ ಅಂಕ. ಅವನು ಬೆಲ್ಟ್ ಸಡಿಲಿಸಿ, ಟಾರ್ಚ್ ಹಾಕಿ, ಸುಮ್ನೆ ನನ್ನ ಮುಖ ನೋಡಿದ.

"ಅಕ್ಕಾರ, ಮನ್ಯಾಗ ಇಲಿ ಅದಾವೇನ್ರೀ?"

ಬೆಲ್ಟ್ ತುಂಬ ರಂಗೋಲಿ ಇಡೋಕೆ ಮುಂಚೆ ಹಾಕುವ ಚುಕ್ಕಿಗಳಂಥ ಗುರುತು. ಎರಡು ಕಡೆ ತೂತೇ ಬಿದ್ದಿತ್ತು. ಕೆಳಗಿನ ಹಲಗೆಯಲ್ಲಿ ಹೆಬ್ಬೆರಳು ಇಟ್ಟರೆ ತಗ್ಗು ಗೊತ್ತಾಗುತ್ತೆ. ಮೂಲೆಯಲ್ಲಿದ್ದ ಪೆನ್ಸಿಲ್ ಹೀಲ್ ನೋಡಿದ ಮೇಲೆ ಅವನು ಇಲಿಯ ಮಾತು ಎತ್ತಲಿಲ್ಲ. ಹೊಸ ಬೆಲ್ಟ್‌ಗೆ 3,800, ಕೂಲಿ 700. ವಾರಂಟಿಗೆ ಇದು ಬರಲ್ಲ, ನಾನೂ ಕೇಳಲಿಲ್ಲ. ಹೋಗುವಾಗ ಬೆಲ್ಟ್ ಕೆಳಗೆ ಸಿಲಿಕೋನ್ ಎಣ್ಣೆ ಹಾಕೋದು ಹೇಗೆ ಅಂತ ತೋರಿಸಿಕೊಟ್ಟ. ಮಾರುವಾಗಲೇ ಇದನ್ನು ತೋರಿಸಬೇಕಿತ್ತು. ಒಂದು ಸ್ಟಾರ್ ಕಡಿತ ಅದಕ್ಕೇ.

ಸಂಜೆ ಯಜಮಾನರು ಎಲ್ಲ ಕೇಳಿಸಿಕೊಂಡು ಚಹಾ ಕುಡಿಯುತ್ತಾ ಅಂದರು: "ಅಲ್ಲಾ, ನೀ ಬಿದ್ದಿದ್ದು ಮೆಟ್ಟಲಾ ಇಳಿಯೂ ಮುಂದ. ಈ ಮಶಿನ್‌ನ್ಯಾಗ ಮೆಟ್ಟಲಾ ಎಲ್ಲಿ ಅದಾವು?"

33,000 ಖರ್ಚಾಗುವವರೆಗೆ ನನಗೆ ಇದು ಹೊಳೆದಿರಲಿಲ್ಲ.

ಈಗ ಹೀಲ್ಸ್ ರೂಢಿಗೆ ನಮ್ಮ ಬಿಲ್ಡಿಂಗ್‌ನ ಮೆಟ್ಟಿಲು ಇದೆ. ಕಂಬಿ ಹಿಡಿದು, ಬ್ಲಾಕ್ ಹೀಲ್‌ನಲ್ಲಿ, ಬಿಟ್ಟಿ. ಟ್ರೆಡ್‌ಮಿಲ್ ಮೇಲೆ ಬೂಟು ಮಾತ್ರ. ನೀವು ಕೊಳ್ಳೋಕೆ ಹೋಗೋದಾದರೆ ಅಂಗಡಿಯಲ್ಲೇ ಹತ್ತು ನಿಮಿಷ ನಡೆದು ನೋಡಿ, ಬೇಡ ಅನ್ನಲ್ಲ. ಬೂಟು ಹಾಕಿಕೊಂಡೇ ಹೋಗಿ, ನಿಮ್ಮ ನೀರಿನ ಬಾಟಲಿಯೂ ಕೈಯಲ್ಲಿರಲಿ.