ಮೆಸಾ ವರ್ಡೆಗೆ 25 ಅಡಿಯ ಮೋಟರ್‌ಹೋಮ್: ನಿವೃತ್ತ ದಂಪತಿಗೆ ಹೊಂದುತ್ತದೆಯೇ?

ಹೊಂದುತ್ತದೆ, ಆದರೆ ಗಾಡಿಯನ್ನು ಮನೆಯಾಗಿ ಬಳಸಿದರೆ ಮಾತ್ರ. ಅದನ್ನೇ ಕಾರಿನ ಹಾಗೆ ಎಲ್ಲ ಕಡೆ ಓಡಿಸಿಕೊಂಡು ಊರು ನೋಡುತ್ತೇವೆ ಎಂದು ಹೊರಟರೆ ದುಡ್ಡೂ ದಂಡ, ಮೈಕೈ ನೋವೂ ಖಂಡಿತ.

ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ ಬಾಡಿಗೆಗೆ ಸಿಗುವ ‘ಕ್ಲಾಸ್ ಸಿ’ ಮೋಟರ್‌ಹೋಮ್ ಬಗ್ಗೆ. ವ್ಯಾನಿನ ಮೂತಿ, ಹಿಂದೆ ಪುಟ್ಟ ಮನೆ, ಚಾಲಕನ ತಲೆಯ ಮೇಲೊಂದು ಅಟ್ಟ. 25 ಅಡಿಯದನ್ನು ಓಡಿಸಲು ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು. ಅಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರು, ಅಲ್ಲೇ ಕೆಲಸ ಮಾಡಿ ನಿವೃತ್ತರಾದ ಕನ್ನಡಿಗರು ಇದನ್ನು ಯೋಚಿಸುವುದಾದರೆ ಕೊಲೊರಾಡೊದ ಮೆಸಾ ವರ್ಡೆ ಒಳ್ಳೆಯ ಆಯ್ಕೆ. 1906ರಲ್ಲಿ ರಾಷ್ಟ್ರೀಯ ಉದ್ಯಾನವಾದ, 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗವಿದು. ಅಮೆರಿಕದ ಮೂಲನಿವಾಸಿಗಳಾದ ಪ್ಯೂಬ್ಲೋ ಜನರ ಪೂರ್ವಜರು ಬಂಡೆಯ ಪೊಟರೆಗಳಲ್ಲಿ ಕಟ್ಟಿದ ಸುಮಾರು 600 ವಸತಿಗಳು ಇಲ್ಲಿವೆ.

ಬುಕ್ ಮಾಡುವಾಗ ಬೆಲೆಗಿಂತ ಮೊದಲು ಹಾಸಿಗೆಯ ನಕ್ಷೆ ನೋಡಿ. ಅನೇಕ ಮಾದರಿಗಳಲ್ಲಿ ಹಿಂದಿನ ಹಾಸಿಗೆ ಮೂಲೆಗೆ ಒತ್ತಿಕೊಂಡಿರುತ್ತದೆ. ರಾತ್ರಿ ಎರಡು ಮೂರು ಸಲ ಏಳುವ ವಯಸ್ಸಿನಲ್ಲಿ ಗೋಡೆಯ ಕಡೆ ಮಲಗಿದವರು ಪ್ರತಿ ಸಲವೂ ಇನ್ನೊಬ್ಬರನ್ನು ದಾಟಬೇಕು. ಎರಡೂ ಬದಿಯಿಂದ ಇಳಿಯಲು ಬರುವ ಹಾಸಿಗೆಯನ್ನೇ ಕೇಳಿ ಪಡೆಯಿರಿ. ಅಟ್ಟದ ಹಾಸಿಗೆಯನ್ನು ಸೂಟ್‌ಕೇಸ್ ಇಡಲು ಬಿಟ್ಟುಬಿಡಿ, ಆ ಏಣಿ ಮಂಡಿನೋವಿನವರಿಗಲ್ಲ. ಬಾಗಿಲ ಮೆಟ್ಟಿಲೂ ಎತ್ತರ. ಕೆಳಗೆ ಇಟ್ಟುಕೊಳ್ಳಲು ಒಂದು ಗಟ್ಟಿ ಮೆಟ್ಟಿಲು ಮಣೆ ಕೊಂಡರೆ ದುಡ್ಡು ದಂಡವಾಗುವುದಿಲ್ಲ.

ಅಡುಗೆಮನೆ ಇದ್ದದ್ದರಲ್ಲಿ ಚೆನ್ನಾಗಿದೆ, ಎತ್ತರದ ಲೆಕ್ಕ ಗೊತ್ತಿರಬೇಕು ಅಷ್ಟೆ. ಉದ್ಯಾನದೊಳಗಿನ ಮೋರ್‌ಫೀಲ್ಡ್ ಕ್ಯಾಂಪ್‌ಗ್ರೌಂಡ್ ಸುಮಾರು 7,800 ಅಡಿ ಮೇಲಿದೆ. ಅಲ್ಲಿ ನೀರು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಮೆತ್ತಗಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಅಕ್ಕಿಯ ನಡುವೆ ಗಟ್ಟಿ ಎಳೆ ಸಿಗುತ್ತದೆ. ಪ್ರೆಶರ್ ಕುಕ್ಕರ್ ಇಲ್ಲದೆ ಹೋಗಬೇಡಿ. ಮನೆಯಲ್ಲಿ ಕೂಗಿಸುವುದಕ್ಕಿಂತ ಒಂದೆರಡು ಸೀಟಿ ಹೆಚ್ಚು ಬೇಕು. ವೆಯ್ಟ್ ಇಲ್ಲದೆ ಹಬೆಯಲ್ಲಿ ಬೇಯುವ ಇಡ್ಲಿಗೆ ನಾಲ್ಕೈದು ನಿಮಿಷ ಜಾಸ್ತಿ ಕೊಡಿ. ಒಲೆಯ ಮೂರು ಉರಿಗಳೂ ಒತ್ತೊತ್ತಾಗಿರುವುದರಿಂದ 3 ಲೀಟರ್ ಕುಕ್ಕರ್ ಸಾಕು. 5 ಲೀಟರಿನದು ಇಟ್ಟರೆ ಪಕ್ಕದ ಉರಿ ಉಪಯೋಗಕ್ಕೆ ಬರುವುದಿಲ್ಲ. ಒಗ್ಗರಣೆಗೆ ಎಣ್ಣೆ ಇಡುವ ಮೊದಲು ಚಾವಣಿಯ ಫ್ಯಾನ್ ಹಾಕಿ, ಒಂದು ಕಿಟಕಿ ತೆಗೆಯಿರಿ, ಇಲ್ಲದಿದ್ದರೆ ಒಣಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕಿರುಚುತ್ತದೆ. ಕಿರುಚಿತೆಂದು ಅದರ ಬ್ಯಾಟರಿ ಕಿತ್ತಿಡುವ ತಪ್ಪು ಮಾಡಬೇಡಿ. ಆ ಸಣ್ಣ ಜಾಗದಲ್ಲಿ ರಾತ್ರಿ ಮಲಗುವವರು ನೀವೇ. ನೆಲದ ಹತ್ತಿರವಿರುವ ಗ್ಯಾಸ್ ಪತ್ತೆ ಯಂತ್ರಕ್ಕೆ ಚೀಲ ಅಡ್ಡ ಇಡಬೇಡಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ.

ಹೆಚ್ಚು ದೂರು ಕೇಳಿಬರುವುದು ಶೌಚದ ಟ್ಯಾಂಕಿನ ಬಗ್ಗೆ. ಮುಕ್ಕಾಲುಪಾಲು ತಪ್ಪು ಬಳಕೆಯದು. ಗಾಡಿಯಡಿ ಎರಡು ಟ್ಯಾಂಕುಗಳಿರುತ್ತವೆ, ಶೌಚಕ್ಕೆ ‘ಬ್ಲ್ಯಾಕ್’, ಸಿಂಕು ಮತ್ತು ಸ್ನಾನದ ನೀರಿಗೆ ‘ಗ್ರೇ’. ಬ್ಲ್ಯಾಕ್ ಟ್ಯಾಂಕು ಸಾಮಾನ್ಯವಾಗಿ 25ರಿಂದ 30 ಗ್ಯಾಲನ್. ಪೈಪು ಜೋಡಿಸಿಟ್ಟ ಜಾಗದಲ್ಲಿ ‘ಹೇಗೂ ಹರಿದುಹೋಗುತ್ತದಲ್ಲ’ ಎಂದು ಅದರ ವಾಲ್ವ್ ತೆರೆದೇ ಬಿಟ್ಟರೆ ನೀರು ಮಾತ್ರ ಹೋಗಿ ಗಟ್ಟಿ ಪದಾರ್ಥ ಗುಡ್ಡೆ ಕಟ್ಟುತ್ತದೆ. ಆಮೇಲೆ ಅದು ಸುಲಭಕ್ಕೆ ಇಳಿಯುವುದಿಲ್ಲ. ವಾಲ್ವ್ ಮುಚ್ಚಿಡಿ. ಬಳಸುವ ಮೊದಲೇ ಎರಡು ಮೂರು ಗ್ಯಾಲನ್ ನೀರು ಸುರಿದಿಡಿ. ಮುಕ್ಕಾಲು ತುಂಬಿದ ಮೇಲೆ ಮೊದಲು ಬ್ಲ್ಯಾಕ್, ಅದು ಖಾಲಿಯಾಗಿ ಮುಚ್ಚಿದ ನಂತರ ಗ್ರೇ ಬಿಡಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಚೊಂಬಿನ ನೀರು ಬಳಸುವ ನಮ್ಮ ಅಭ್ಯಾಸ ಟ್ಯಾಂಕಿಗೆ ಒಳ್ಳೆಯದೇ, ಆದರೆ ಬೇಗ ತುಂಬುತ್ತದೆ. ಇಬ್ಬರಿಗೆ ಮೂರು ದಿನಕ್ಕೊಮ್ಮೆ ಖಾಲಿ ಮಾಡುವ ಲೆಕ್ಕ ಇಟ್ಟುಕೊಳ್ಳಿ. ಕೈಗವಸು, ಕೊನೆಗೆ ಕಾಲು ತೊಳೆಯಲು ಬೇರೆ ನೀರು, ಹಳೆಯ ಚಪ್ಪಲಿ ಇವು ಮರೆಯಬಾರದ ಸಾಮಾನು. ಬಾಣಲೆಯ ಜಿಡ್ಡನ್ನು ಕಾಗದದಲ್ಲಿ ಒರೆಸಿಯೇ ತೊಳೆಯಿರಿ.

ವಿದ್ಯುತ್ತು 30 ಆಂಪಿಯರ್, 120 ವೋಲ್ಟ್, ಅಂದರೆ 3,600 ವ್ಯಾಟ್. ಏಸಿ, ಮೈಕ್ರೊವೇವ್, ಕೆಟಲ್ ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಊರಿಂದ ತಂದ 230 ವೋಲ್ಟಿನ ಮಿಕ್ಸಿ ಇಲ್ಲಿ ಚಟ್ನಿ ರುಬ್ಬುವುದಿಲ್ಲ. ಮೋರ್‌ಫೀಲ್ಡ್‌ನ 267 ಜಾಗಗಳಲ್ಲಿ ಕರೆಂಟು, ನೀರು, ಒಳಚರಂಡಿ ಮೂರೂ ಇರುವುದು 15ಕ್ಕೆ ಮಾತ್ರ. ಮಲಗುವಾಗ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ ಹಾಕಿಕೊಳ್ಳುವವರು ಅಂಥ ಜಾಗ ಸಿಕ್ಕದಿದ್ದರೆ ಅಲ್ಲಿ ತಂಗುವುದೇ ಬೇಡ, ಯಾಕೆಂದರೆ ರಾತ್ರಿ ಜನರೇಟರ್ ಹಾಕುವಂತಿಲ್ಲ.

ಹೊರಡುವುದು ಡೆನ್ವರ್‌ಗಿಂತ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಿಂದ ಮೇಲು. ಡೆನ್ವರ್‌ನಿಂದ ಬರುವ ದಾರಿಯಲ್ಲಿ 10,857 ಅಡಿಯ ವುಲ್ಫ್ ಕ್ರೀಕ್ ಪಾಸ್ ಎಂಬ ಘಟ್ಟ ಹತ್ತಿ ಇಳಿಯಬೇಕು. ಆಲ್ಬುಕರ್ಕಿಯಿಂದ ಸುಮಾರು 250 ಮೈಲಿ, ದಾರಿಯಲ್ಲೇ ಪ್ಯೂಬ್ಲೋ ಪೂರ್ವಜರದೇ ಪಾಳುಗಳಿರುವ ಆಜ್ಟೆಕ್ ರೂಯಿನ್ಸ್ ಸಿಗುತ್ತದೆ. ಟಾರು ರಸ್ತೆ, ಪ್ರವೇಶ ಉಚಿತ, 1934ರಲ್ಲಿ ಮರಳಿ ಕಟ್ಟಿದ ದೊಡ್ಡ ವೃತ್ತಾಕಾರದ ಕೀವಾದೊಳಗೆ (ಪೂಜೆ, ಸಭೆಗಳಿಗೆ ನೆಲದಡಿ ಕಟ್ಟಿದ ಕೋಣೆ) ಇಳಿದು ಕೂರಬಹುದು. ಅದೇ ಹೆದ್ದಾರಿಯಿಂದ ಇಂಥದೇ ಇನ್ನೊಂದು ಪಾಳುನೆಲೆಯಾದ ಚಾಕೋ ಕಣಿವೆಗೆ ತಿರುವು ಇದೆ, ಆಸೆ ಬೇಡ. ಕೊನೆಯ 13 ಮೈಲಿ ಮಣ್ಣುರಸ್ತೆ, ಬಾಡಿಗೆ ಕರಾರುಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಡುತ್ತದೆ. ಬಾಡಿಗೆಯ ಮೇಲೆ ಮೈಲಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಪಾತ್ರೆ ಹೊದಿಕೆಗೆ ಇಷ್ಟು ಎಂದು ಸೇರುತ್ತದೆ. ಪೂರ್ತಿ ಮೊತ್ತ ಬರೆಸಿಕೊಳ್ಳಿ. ಚಾವಣಿಯ ಫೋಟೊ ತೆಗೆದಿಟ್ಟುಕೊಳ್ಳಿ, ಅಲ್ಲಿನ ಹಾನಿ ಎಷ್ಟೋ ವಿಮೆಗಳಲ್ಲಿ ಸೇರಿರುವುದಿಲ್ಲ. ಎಡಕ್ಕೆ ತಿರುಗಿಸುವಾಗ ಗಾಡಿಯ ಹಿಂಭಾಗ ಬಲಕ್ಕೆ ಚಾಚುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ತಾಗಿಸುವುದು ಹೀಗೆಯೇ.

ಉದ್ಯಾನದ ಬಾಗಿಲಿಂದ ಮ್ಯೂಸಿಯಂಗೆ 20 ಮೈಲಿ, ಕಡಿದಾದ ತಿರುವುಗಳು, 45 ನಿಮಿಷ ಬೇಕು. ಇಳಿಯುವಾಗ ಗೇರನ್ನು ತಗ್ಗಿಸಿ ಹಿಡಿಯುವ ‘ಟೋ/ಹಾಲ್’ ಗುಂಡಿ ಒತ್ತಿ ಎಂಜಿನ್ನಿನಿಂದಲೇ ವೇಗ ಹಿಡಿಯಿರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ಬಿಡುತ್ತದೆ. ಉದ್ಯಾನದ ಪಶ್ಚಿಮ ಭಾಗವಾದ ವೆದರಿಲ್ ಮೆಸಾದ ರಸ್ತೆಗೆ 8,000 ಪೌಂಡಿಗಿಂತ ಭಾರದ ಗಾಡಿಯನ್ನು ಬಿಡುವುದಿಲ್ಲ. ಇದು 10,000 ದಾಟುತ್ತದೆ, ಹಾಗಾಗಿ ಆ ಭಾಗವೇ ತಪ್ಪಿಹೋಗುತ್ತದೆ. ಈ ಕಾರಣಕ್ಕೇ ನನ್ನ ಸಲಹೆ: ಮೋಟರ್‌ಹೋಮನ್ನು ಹತ್ತಿರದ ಕೋರ್ಟೆಜ್ ಪಟ್ಟಣದಲ್ಲಿ ನಿಲ್ಲಿಸಿ, ಎರಡು ದಿನಕ್ಕೆ ಸಣ್ಣ ಕಾರು ಬಾಡಿಗೆ ಹಿಡಿಯಿರಿ. ದಿನವೂ ಬೆಳಿಗ್ಗೆ ಪೈಪು ಬಿಚ್ಚಿ, ಪಾತ್ರೆ ಕಟ್ಟಿ ಹೊರಡುವ ಗೋಳು ತಪ್ಪುತ್ತದೆ.

62 ದಾಟಿದ ಅಮೆರಿಕದ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇದ್ದವರಿಗೂ 80 ಡಾಲರಿಗೆ ಜೀವನಪರ್ಯಂತದ ಸೀನಿಯರ್ ಪಾಸ್ ಸಿಗುತ್ತದೆ, ವರ್ಷಕ್ಕಾದರೆ 20. ಸಂದರ್ಶಕ ವೀಸಾದಲ್ಲಿ ಬಂದವರಿಗೆ ಇಲ್ಲ. ಆದರೆ ವಾಹನಕ್ಕೆ ಇಷ್ಟು ಎಂದು ಶುಲ್ಕವಿರುವ ಇಂಥ ಕಡೆ, ಪಾಸ್ ಇದ್ದವರು ಜೊತೆಗಿದ್ದರೆ ಗಾಡಿಯಲ್ಲಿರುವ ಎಲ್ಲರಿಗೂ ಪ್ರವೇಶ. ಖಾಸಗಿಯವರು ನಡೆಸುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಪಾಸಿನ ರಿಯಾಯಿತಿ ಇದೆಯೇ ಎಂದು ಮೊದಲೇ ಕೇಳಿ.

ಬಂಡೆಯ ಮನೆಗಳೊಳಗೆ ಹೋಗುವ ರೇಂಜರ್ ಪ್ರವಾಸದ ಟಿಕೆಟ್ 14 ದಿನ ಮುಂಚೆ ಆನ್‌ಲೈನಿನಲ್ಲಿ ಬಿಡುತ್ತಾರೆ. ಬಾಲ್ಕನಿ ಹೌಸ್‌ನಲ್ಲಿ 32 ಅಡಿಯ ಏಣಿ, ಆಮೇಲೆ 18 ಇಂಚು ಅಗಲದ ಸುರಂಗದಲ್ಲಿ 12 ಅಡಿ ತೆವಳಬೇಕು. ಮಂಡಿ ನೋಯುವವರಿಗೆ ಬೇಡವೇ ಬೇಡ. ಸುಮಾರು 150 ಕೋಣೆಗಳ ಕ್ಲಿಫ್ ಪ್ಯಾಲೇಸ್‌ನ ಏಣಿಗಳು 8ರಿಂದ 10 ಅಡಿ, ನಿಧಾನವಾಗಿ ಹತ್ತುವವರಿಗೆ ಆದೀತು. ಏರಿಳಿತ ಬೇಡವೆಂದರೆ ಬೆಟ್ಟದ ಮೇಲಿನ ಸಮತಟ್ಟಿನಲ್ಲೇ ಇರುವ ಫಾರ್ ವ್ಯೂ ಪಾಳುಗಳಿವೆ. ಅಲ್ಲಿ ಕೀವಾವನ್ನು ಮೇಲಿಂದಲೇ ಬಗ್ಗಿ ನೋಡಬಹುದು. ಗೋಡೆಯ ಬುಡದಲ್ಲಿ ಗಾಳಿ ಬರುವ ಕಂಡಿ, ಅದರ ಮುಂದೆ ಗಾಳಿ ನೇರವಾಗಿ ಬೆಂಕಿಗೆ ಬಡಿಯದಂತೆ ನಿಲ್ಲಿಸಿದ ತಡೆಗಲ್ಲು, ಮಧ್ಯೆ ಒಲೆಗುಂಡಿ. ಹೊಗೆ ಹೋಗಲು, ಜನ ಇಳಿಯಲು ಮೇಲೆ ಒಂದೇ ಕಿಂಡಿ ಇತ್ತು.

ಸನ್ ಪಾಯಿಂಟ್ ಎಂಬ ವೀಕ್ಷಣಾ ಸ್ಥಳವನ್ನು ಮಧ್ಯಾಹ್ನದ ಕೊನೆಗೆ ಇಟ್ಟುಕೊಳ್ಳಿ. ಕಣಿವೆಯಾಚೆಯ ಕ್ಲಿಫ್ ಪ್ಯಾಲೇಸ್ ಮೇಲೆ ಆಗ ಬಿಸಿಲು ನೇರವಾಗಿ ಬೀಳುತ್ತದೆ, ಬೈನಾಕ್ಯುಲರ್ ಇದ್ದರೆ ಒಂದೊಂದು ಕಿಟಕಿಯೂ ಕಾಣುತ್ತದೆ. ಕತ್ತಲಾಗುವ ಮೊದಲು ಇಳಿದುಬಿಡಿ, ಮುಸ್ಸಂಜೆಗೆ ಆ ತಿರುವುಗಳಲ್ಲಿ ಜಿಂಕೆಗಳು ರಸ್ತೆಗೆ ಬರುತ್ತವೆ.