ಪೆನ್ ಡ್ರೈವ್‌ನಲ್ಲಿ ‘ಪೂರ್ತಿ ಉಬುಂಟು’ ಅಂತ ಕೊಟ್ಟಿದ್ದಾರಾ? ಅಪ್‌ಡೇಟ್ ಒತ್ತುವ ಮುಂಚೆ ಇದನ್ನು ಓದಿ

ಪೆನ್ ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲು ಬಳಸುವ ಒಂದು ಲಿನಕ್ಸ್ ಸಿಸ್ಟಮ್) ಹಾಕಿಸಿಕೊಂಡು ಅದರಲ್ಲೇ ದಿನದ ಕೆಲಸ ಮಾಡುತ್ತಿದ್ದರೆ, ‘ಅಪ್‌ಡೇಟ್ ಮಾಡಿ’ ಅಂತ ಬರುವುದನ್ನು ಸದ್ಯಕ್ಕೆ ಮುಚ್ಚಿಬಿಡಿ. ಮೊದಲು ನಿಮ್ಮ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಮುಂದೆ ಓದಿ.

ನನ್ನದು ಬಾಗಲಕೋಟೆಯ ನವನಗರದಲ್ಲಿ ಸಣ್ಣ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಅರ್ಜಿ, ಸಂಘದ ವರದಿ, ಇಂಥವೇ. ಹಳೆ ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಒಂದು ಕಂಪ್ಯೂಟರ್ ಅಂಗಡಿಯವರು 32 ಜಿಬಿ ಪೆನ್ ಡ್ರೈವ್‌ಗೆ ಉಬುಂಟು ಹಾಕಿಕೊಟ್ಟರು. ‘ಹಾರ್ಡ್ ಡಿಸ್ಕ್ ಯಾಕ್ ಬೇಕ್ರಿ ಸರ? ಇದರಾಗ ಎಲ್ಲಾ ಸೇವ್ ಆಗತೈತಿ. ಅಪ್‌ಡೇಟ್ ಬಂದ್ರ ಒಂದು ಬಟನ್ ಒತ್ರಿ, ಮುಗೀತು’ ಅಂದರು. ಸೇವ್ ಆಗುತ್ತದೆ ಅನ್ನೋದು ಅರ್ಧ ನಿಜ. ಬಟನ್ ಒತ್ತಿ ಅಂದಿದ್ದು ನನ್ನ ಕೆಲಸವನ್ನೇ ಕೆಡಿಸಿತು.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲ್ಲ. ಕನ್ನಡ ಟೈಪಿಂಗ್ ಬಂತು, ಲಿಬ್ರೆ ಆಫೀಸ್ ಓಡಿತು. ಲಗ್ನದ ಸೀಸನ್ನಿನಲ್ಲಿ ಅಪ್‌ಡೇಟ್ ಕೇಳಿತು, ಒತ್ತಿದೆ. ಅರ್ಧಕ್ಕೆ ಬಂದು ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ನಿಂತಿತು. ರೀಸ್ಟಾರ್ಟ್ ಮಾಡಿದರೆ ಬರೀ ಕಪ್ಪು ತೆರೆ. ಡೆಸ್ಕ್‌ಟಾಪ್ ಬರಲೇ ಇಲ್ಲ. ಪತ್ರಿಕೆಯ ಪ್ರೂಫ್ ಅದರೊಳಗೆ, ಹುಡುಗಿಯ ಮಾವ ನನ್ನೆದುರಿಗೆ. ಅಂಗಡಿಗೆ ಫೋನ್ ಮಾಡಿದರೆ ‘ನೀವೇ ಏನರ ಒತ್ತಿರಬೇಕ್ರಿ’ ಅನ್ನೋ ಉತ್ತರ. ಒತ್ತಿ ಅಂದವರು ಯಾರು ಸ್ವಾಮಿ?

ಒಳಗೆ ಆಗಿದ್ದೇನು ಅಂದರೆ, ಅವರು ಕೊಟ್ಟಿದ್ದು ಇನ್‌ಸ್ಟಾಲ್ ಮಾಡಿದ ಉಬುಂಟು ಅಲ್ಲ. ಲೈವ್ ಉಬುಂಟು, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವ್‌ನಿಂದ ನೇರ ಓಡುವಂಥದ್ದು. ಅದರಲ್ಲಿ ಮೂಲ ಸಿಸ್ಟಮ್ ಪೂರ್ತಿ ಒಂದು ಕುಗ್ಗಿಸಿದ ಫೈಲ್‌ನಲ್ಲಿರುತ್ತದೆ. ಅದನ್ನು ಓದಬಹುದು, ಬದಲಾಯಿಸಲು ಬರಲ್ಲ. ನಾವು ಮಾಡುವ ಬದಲಾವಣೆ ಎಲ್ಲಾ ಪರ್ಸಿಸ್ಟೆನ್ಸ್ ಅನ್ನುವ ಇನ್ನೊಂದು ಜಾಗಕ್ಕೆ ಹೋಗುತ್ತದೆ. ಅಚ್ಚಾದ ಲಗ್ನಪತ್ರಿಕೆಯ ಮೇಲೆ ತಿದ್ದುಪಡಿ ಚೀಟಿ ಅಂಟಿಸಿದ ಹಾಗೆ. ಅಪ್‌ಡೇಟ್ ಮಾಡಿದಾಗ ಹಳೆಯದು ಅಳಿಯೋದಿಲ್ಲ, ಹೊಸದು ಮೇಲೆ ಬಂದು ಕೂರುತ್ತದೆ. ಮೂಲದಲ್ಲಿರುವ ಪ್ರೋಗ್ರಾಂ ಒಂದನ್ನು ತೆಗೆದುಹಾಕಿದರೂ ಜಾಗ ಉಳಿಯಲ್ಲ, ಕಣ್ಣಿಗೆ ಕಾಣದ ಹಾಗೆ ಆಗುತ್ತದೆ ಅಷ್ಟೇ.

ಇನ್ನು ಆ 32 ಜಿಬಿ ಕಥೆ. ಪೆನ್ ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಪರ್ಸಿಸ್ಟೆನ್ಸ್ ಅನ್ನು ಒಂದೇ ಫೈಲ್ ಆಗಿ ಮಾಡಿದ್ದರು. ಅಂದರೆ ನನ್ನ ಕೈಗೆ ಸಿಕ್ಕಿದ್ದು ಹೆಚ್ಚೆಂದರೆ 4 ಜಿಬಿ. ಉಳಿದ ಜಾಗ ಸುಮ್ನೆ ಬಿದ್ದಿತ್ತು.

ಬಟನ್ ಒತ್ತದೇ ಇದ್ದರೂ ತಪ್ಪಿಸಿಕೊಳ್ಳುವುದು ಕಷ್ಟ. ಉಬುಂಟುವಿನ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ, ಅಂದರೆ ಬೇಕಾದ್ದನ್ನೆಲ್ಲಾ ಒಳಗೇ ಇಟ್ಟುಕೊಂಡ ಒಂದು ಪ್ಯಾಕೇಜ್ ಆಗಿ ಬರುತ್ತದೆ. ಸ್ನ್ಯಾಪ್‌ಗಳು ದಿನಕ್ಕೆ 4 ಸಲ ತಾವೇ ಹೊಸ ಆವೃತ್ತಿ ಇದೆಯಾ ಅಂತ ನೋಡುತ್ತವೆ, ಇದ್ದರೆ ಕೇಳದೆ ಇಳಿಸಿಕೊಳ್ಳುತ್ತವೆ. ಹಳೆ ಆವೃತ್ತಿಯನ್ನೂ ಇಟ್ಟುಕೊಂಡಿರುತ್ತವೆ. ಫೈರ್‌ಫಾಕ್ಸ್ ಒಂದೇ 200 ಎಂಬಿಗೂ ಜಾಸ್ತಿ. 4 ಜಿಬಿ ಎಷ್ಟು ದಿನ ತಡೆದೀತು? ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಅಂತೂ ಪೂರಾ ದಂಡ. ಬೂಟ್ ಆಗುವಾಗ ಓದುವುದು ಪೆನ್ ಡ್ರೈವ್‌ನಲ್ಲಿರುವ ಹಳೆ ಕರ್ನಲ್ ಅನ್ನೇ. ಹೊಸದು ಜಾಗ ತಿಂದು ಕೂತಿರುತ್ತದೆ.

ನನ್ನ ಫೈಲ್ ಸಿಕ್ಕವು, ಅದೊಂದು ಪುಣ್ಯ. ಬೂಟ್ ಮೆನುವಿನಲ್ಲಿ ‘ಇ’ ಒತ್ತಿ, ಸಾಲಿನಲ್ಲಿರುವ ‘ಪರ್ಸಿಸ್ಟೆಂಟ್’ ಪದ ತೆಗೆದು ಮುಂದುವರಿದರೆ ಉಬುಂಟು ಹೊಸದರಂತೆ ತೆರೆಯುತ್ತದೆ. ಆಗ ‘ಕ್ಯಾಸ್ಪರ್-ಆರ್‌ಡಬ್ಲ್ಯು’ (casper-rw) ಅನ್ನುವ ಆ ಪರ್ಸಿಸ್ಟೆನ್ಸ್ ಫೈಲ್ ಅನ್ನು ಮೌಂಟ್ ಮಾಡಬೇಕು, ಅಂದರೆ ಒಂದು ಡ್ರೈವ್ ಥರ ತೆರೆಯಬೇಕು. ಒಳಗೆ ‘ಅಪ್ಪರ್’ ಫೋಲ್ಡರ್, ಅದರಲ್ಲಿ ‘ಹೋಮ್’. ಅಲ್ಲಿದೆ ನಿಮ್ಮ ಸಾಮಾನು. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಲು ಮಾತ್ರ ಯಾರಿಗೂ ಕೊಡಬೇಡಿ. ಅಂಗಡಿಯವರು ಮೊದಲು ಹೇಳಿದ್ದು ಅದನ್ನೇ!

ಇನ್ನೊಂದು ವಿಷಯ. ಈ ಲೈವ್ ಉಬುಂಟುವಿಗೆ ಪಾಸ್‌ವರ್ಡ್ ಇರಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಪೆನ್ ಡ್ರೈವ್ ಮರೆತು ಬಂದರೆ ಸಿಕ್ಕವರು ನೇರ ಒಳಗೆ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಲಾಗಿನ್‌ಗಳ ಸಮೇತ.

ಲೈವ್ ಪೆನ್ ಡ್ರೈವ್ ಬೇಡವೇ ಬೇಡ ಅಂತ ನಾನು ಹೇಳಲ್ಲ. ಕೆಟ್ಟ ಕಂಪ್ಯೂಟರ್‌ನಿಂದ ಫೈಲ್ ತೆಗೆಯಲು, ಲಿನಕ್ಸ್ ಹೇಗಿದೆ ಅಂತ ನೋಡಲು ಅದಕ್ಕಿಂತ ಒಳ್ಳೇದಿಲ್ಲ. ಹೊಸ ಆವೃತ್ತಿ ಬೇಕಾದರೆ ಹೊಸ ಐಎಸ್‌ಒ (ಪೂರ್ತಿ ಸಿಸ್ಟಮ್ ಇರುವ ಒಂದೇ ಫೈಲ್) ಇಳಿಸಿ ಪೆನ್ ಡ್ರೈವ್ ಪೂರ್ತಿ ಮತ್ತೆ ಬರೆಯಿರಿ. ಕೆಲಸದ ಫೈಲ್ ಅದರಲ್ಲಿ ಇಡಲೇಬೇಡಿ. ದಿನವೂ ಬಳಸುವುದಾದರೆ ಯುಎಸ್‌ಬಿ ಎಸ್‌ಎಸ್‌ಡಿ (ಹೊರಗಿನಿಂದ ಸಿಕ್ಕಿಸುವ ವೇಗದ ಡಿಸ್ಕ್) ತಗೊಂಡು, ಹಾರ್ಡ್ ಡಿಸ್ಕ್‌ಗೆ ಮಾಡಿದ ಹಾಗೆ ಸರಿಯಾಗಿ ಇನ್‌ಸ್ಟಾಲ್ ಮಾಡಿಸಿ. ಆಗ ಅಪ್‌ಡೇಟ್ ಮಾಮೂಲಿಯಾಗಿ ನಡೆಯುತ್ತದೆ. ನಾನೀಗ ಹಾಗೇ ಮಾಡಿಕೊಂಡಿದ್ದೇನೆ.

‘ಲಿನಕ್ಸ್ ಬ್ಯಾಡಂದ್ರ ವಿಂಡೋಸನ್ನೇ ಪೆನ್ ಡ್ರೈವ್‌ಗೆ ಹಾಕಿಕೊಡ್ತೀನಿ’ ಅಂತಲೂ ಅದೇ ಅಂಗಡಿಯವರು ಅಂದರು. ಅದಕ್ಕಾಗಿ ಮೈಕ್ರೋಸಾಫ್ಟ್‌ನದೇ ‘ವಿಂಡೋಸ್ ಟು ಗೋ’ ಇತ್ತು. 2020ರಲ್ಲಿ ಅದನ್ನು ವಿಂಡೋಸ್ 10ರಿಂದ ತೆಗೆದರು. ದೊಡ್ಡ ಅಪ್‌ಡೇಟ್‌ಗಳು ಅದರಲ್ಲಿ ಆಗದಿರುವುದೂ ಮೈಕ್ರೋಸಾಫ್ಟ್ ಕೊಟ್ಟ ಒಂದು ಕಾರಣ. ಹಣ ಕೊಡುವ ಮುಂಚೆ ‘ಇದು ಲೈವ್ ಏನ್ರಿ, ಇನ್‌ಸ್ಟಾಲ್ ಏನ್ರಿ?’ ಅಂತ ಕೇಳಿ. ‘ಎರಡೂ ಒಂದ ರೀ’ ಅಂದರೆ ಬೇರೆ ಅಂಗಡಿ ನೋಡಿ.