ಮೂರು ನೈಟ್ ಗಾರ್ಡ್‌ಗಳು, ಒಂದೇ ದವಡೆ

ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆಂದು ಇರುವ ನೈಟ್ ಗಾರ್ಡ್‌ಗಳಲ್ಲಿ ಮೂರು ಬಗೆಯವನ್ನು ನಾನು ಬೇರೆ ಬೇರೆ ಕಾಲದಲ್ಲಿ ಬಳಸಿದ್ದೇನೆ: ಬಿಸಿನೀರಿನಲ್ಲಿ ಅದ್ದಿ, ಕಚ್ಚಿ ಅಚ್ಚು ಮಾಡಿಕೊಳ್ಳುವ ಮೆದು ಗಾರ್ಡ್, ಮುಂಬಲ್ಲುಗಳ ಮೇಲಷ್ಟೇ ಕೂರುವ ಪುಟ್ಟ ತುಂಡು, ಮೇಲಿನ ಇಡೀ ಸಾಲನ್ನು ಮುಚ್ಚುವ ಗಟ್ಟಿ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಸ್ಪ್ಲಿಂಟ್. ನನ್ನ ಮತ ಮೂರನೆಯದಕ್ಕೆ. ಏಕೆಂದು ತಿಳಿಯಲು ಮೊದಲು ದವಡೆಯ ಕೀಲಿನ ರಚನೆಯನ್ನು ನೋಡಬೇಕು.

ಕಿವಿಯ ತುಸು ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಬೆರಳಿನಡಿ ಸರಿದಾಡುವುದು ಕೆಳದವಡೆಯ ಗುಂಡುತಲೆ. ಅದಕ್ಕೂ ತಲೆಬುರುಡೆಯ ಗುಳಿಗೂ ನಡುವೆ ಗಟ್ಟಿ ನಾರಿನ ಒಂದು ಬಿಲ್ಲೆ ಇದೆ. ನಡುವೆ ತೆಳು, ಅಂಚಿನಲ್ಲಿ ದಪ್ಪ. ಬಿಲ್ಲೆಯ ಕೆಳಗೆ ಗುಂಡುತಲೆ ತಿರುಗುತ್ತದೆ. ಬಿಲ್ಲೆಯ ಮೇಲೆ, ಎರಡೂ ಜೊತೆಯಾಗಿ ಮುಂದಕ್ಕೆ ಜಾರುತ್ತವೆ. ಬಾಯಿ ಸುಮಾರು 20–25 ಮಿಲಿಮೀಟರ್ ತೆರೆಯುವವರೆಗೆ ಹೆಚ್ಚಾಗಿ ತಿರುಗುವಿಕೆ, ಆಮೇಲೆ ಜಾರುವಿಕೆ. ಬಿಲ್ಲೆ ಮುಂದಕ್ಕೆ ಸರಿದಿದ್ದರೆ, ಗುಂಡುತಲೆ ಅದರ ದಪ್ಪನೆಯ ಹಿಂದಿನ ಅಂಚನ್ನು ದಾಟುವ ಕ್ಷಣದಲ್ಲಿ ಕಟಕ್ಕೆಂದು ಸದ್ದಾಗುತ್ತದೆ. ಬಿಲ್ಲೆಯ ನಡುಭಾಗದಲ್ಲಿ ನರಗಳಿಲ್ಲ. ಹಿಂದಿನ ಮೆತ್ತನೆಯ ಅಂಗಾಂಶದಲ್ಲಿ ನರ, ರಕ್ತನಾಳ ಎರಡೂ ತುಂಬಿವೆ. ಸದ್ದಿದ್ದೂ ನೋವಿಲ್ಲದವರು ಬಹಳ ಮಂದಿ.

ಕೆಳದವಡೆ ಮುಚ್ಚುವಾಗ ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ಹಲ್ಲುಗಳು. ಮೇಲಿನ ದವಡೆಹಲ್ಲಿನ ಒಳಮೊನೆ ಕೆಳಗಿನದರ ಗುಳಿಯಲ್ಲಿ, ಕೆಳಗಿನದರ ಹೊರಮೊನೆ ಮೇಲಿನದರ ಗುಳಿಯಲ್ಲಿ ಕೂರುತ್ತದೆ. ಬೇರುಗಳನ್ನು ಹಿಡಿದಿರುವ ನಾರುಪದರದ ನರಗಳು ಎಷ್ಟು ಸೂಕ್ಷ್ಮವೆಂದರೆ, ತಲೆಗೂದಲಿಗಿಂತ ತೆಳುವಾದ ಹಾಳೆ ನಡುವೆ ಸಿಕ್ಕರೂ ಪತ್ತೆ ಹಚ್ಚುತ್ತವೆ.

ಮೆದು ಗಾರ್ಡ್ ಮೊದಲ ರಾತ್ರಿಯೇ ಹಿತವೆನಿಸಿತು. ಆದರೆ ಹಲ್ಲು ಅದರೊಳಗೆ ಹೂತುಕೊಳ್ಳುತ್ತದೆ, ನಿಲ್ಲಲು ಖಚಿತವಾದ ನೆಲೆ ಸಿಗುವುದಿಲ್ಲ; ನಾನು ರಾತ್ರಿಯಿಡೀ ಅದನ್ನು ಅಗಿಯುತ್ತಿದ್ದೆ. ಬೆಳಗ್ಗೆ ಕಣತಲೆ ಭಾರವಾಗಿರುತ್ತಿತ್ತು. ಇದು ನನ್ನೊಬ್ಬನ ಪಾಡಲ್ಲ. 1987ರಲ್ಲಿ ಅಮೆರಿಕದ ದಂತವೈದ್ಯ ಜೆಫ್ರಿ ಓಕೆಸನ್ ಹತ್ತು ಜನರಲ್ಲಿ ಮೆದು, ಗಟ್ಟಿ ಎರಡೂ ಬಗೆಯನ್ನು ಪರೀಕ್ಷಿಸಿದಾಗ, ಗಟ್ಟಿ ಸ್ಪ್ಲಿಂಟ್ ಎಂಟು ಜನರ ರಾತ್ರಿಯ ಸ್ನಾಯು ಚಟುವಟಿಕೆಯನ್ನು ಇಳಿಸಿತು. ಮೆದುವಿನಿಂದ ಐವರಲ್ಲಿ ಅದು ಹೆಚ್ಚಿತು. ಚಿಕ್ಕ ಅಧ್ಯಯನ, ನಿಜ. ಆದರೂ ನನ್ನ ಗಾರ್ಡ್ ಮೊದಲನೆಯ ದವಡೆಹಲ್ಲಿನ ಜಾಗದಲ್ಲಿ ತೂತು ಬಿದ್ದಿದ್ದನ್ನು ನೋಡಿದ ಮೇಲೆ ಆ ಫಲಿತಾಂಶ ನನಗೆ ಅಚ್ಚರಿ ತರಲಿಲ್ಲ.

ಮುಂಬಲ್ಲಿನ ತುಂಡು ಕಣತಲೆಯ ಭಾರವನ್ನು ಎಲ್ಲಕ್ಕಿಂತ ಬೇಗ ಇಳಿಸಿತು. ಹಿಂದಿನ ಹಲ್ಲುಗಳು ತಾಗದಿದ್ದರೆ ಸ್ನಾಯುಗಳಿಗೆ ಪೂರ್ತಿ ಬಲ ಹಾಕಲಾಗುವುದಿಲ್ಲ. ಆದರೆ ಹಿಂದೆ ಆಸರೆಯಿಲ್ಲದೆ ಕಚ್ಚಿದಾಗ ಹೊರೆ ಕೀಲಿನ ಮೇಲೆ ಬೀಳುತ್ತದೆ, ನನ್ನ ಎಡ ಕೀಲು ಅದನ್ನು ಸಹಿಸಲಿಲ್ಲ. ಬೆಳಗ್ಗೆ ತೆಗೆದ ಮೇಲೆ ಹಿಂದಿನ ಹಲ್ಲುಗಳು ಸರಿಯಾಗಿ ಕೂರಲು ಹೊತ್ತು ಹಿಡಿಯುತ್ತಿತ್ತು. ಇದನ್ನು ಹಗಲು ರಾತ್ರಿ ಧರಿಸಿದರೆ ಹಿಂದಿನ ಹಲ್ಲುಗಳು ಮೇಲೆದ್ದು, ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಕಿಂಡಿ ಉಳಿಯುವ ಅಪಾಯವಿದೆ. ನಿದ್ದೆಯಲ್ಲಿ ಕಳಚಿ ಗಂಟಲಿಗೆ ಇಳಿಯಬಹುದಾದಷ್ಟು ಚಿಕ್ಕದು ಎಂಬ ಭಯ ಬೇರೆ.

ಗಟ್ಟಿ ಸ್ಪ್ಲಿಂಟ್‌ನ ಹೆಚ್ಚುಗಾರಿಕೆ ಇರುವುದು ಅದನ್ನು ಹೊಂದಿಸುವ ಕೆಲಸದಲ್ಲಿ. ವೈದ್ಯರು ತಾಗಿದಲ್ಲಿ ಬಣ್ಣ ಹತ್ತಿಸುವ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಟಕಟಕನೆ ಕಚ್ಚಿಸಿದರು, ಕೆಂಪು ಕಾಗದವಿಟ್ಟು ದವಡೆಯನ್ನು ಪಕ್ಕಕ್ಕೆ ಜಾರಿಸಲು ಹೇಳಿದರು. ಕೆಳಗಿನ ಪ್ರತಿಯೊಂದು ದವಡೆಹಲ್ಲಿಗೂ ಸ್ಪ್ಲಿಂಟ್ ಮೇಲೆ ಒಂದು ನೀಲಿ ಚುಕ್ಕೆ ಮೂಡಬೇಕು. ಕೆಂಪು ಗೆರೆ ಕೋರೆಹಲ್ಲಿನ ಇಳಿಜಾರಿನಲ್ಲಿ ಮಾತ್ರ ಇರಬೇಕು. ಕೋರೆಹಲ್ಲಿನ ಬೇರು ಉದ್ದ, ಕೀಲಿನಿಂದ ದೂರವೂ ಇದೆ. ಪಕ್ಕದ ಒತ್ತಡ ತಾಳಿಕೊಂಡು ಹಿಂದಿನ ಹಲ್ಲುಗಳನ್ನು ಬಿಡಿಸುತ್ತದೆ. ಅಕ್ರಿಲಿಕ್ಕನ್ನು ಉಜ್ಜಿ ಸವೆಸುವುದು, ಮತ್ತೆ ಕಚ್ಚಿಸುವುದು, ಮತ್ತೆ ಉಜ್ಜುವುದು. ಈ ತಾಳ್ಮೆಯಿಲ್ಲದೆ ಕೈಗಿತ್ತ ಗಟ್ಟಿ ಗಾರ್ಡ್ ಮೆದುವಿಗಿಂತಲೂ ಕೆಟ್ಟದ್ದೆಂದು ನನ್ನ ಅಭಿಪ್ರಾಯ. ಶುರುವಿನಲ್ಲಿ ಜೊಲ್ಲು ಸುರಿಯಿತು, ಮಾತು ತೊದಲಿತು. ನೋವು ನಿಧಾನವಾಗಿ ಇಳಿಯಿತು, ಮರಳಲಿಲ್ಲ. ಕಟಕ್ ಸದ್ದು ಹಾಗೆಯೇ ಇದೆ. ಸರಿದ ಬಿಲ್ಲೆಯನ್ನು ಸ್ಪ್ಲಿಂಟ್ ಹಿಂದಕ್ಕೆ ತರುವುದಿಲ್ಲ. ಹಲ್ಲು ಕಡಿಯುವುದೂ ನಿಂತಿಲ್ಲ, ಸವೆಯುತ್ತಿರುವುದು ಈಗ ಅಕ್ರಿಲಿಕ್.

ನಾಲ್ಕನೆಯ ಆಯ್ಕೆಯೊಂದನ್ನು ನಾನು ಒಪ್ಪಲಿಲ್ಲ: ಸ್ವಂತ ಹಲ್ಲುಗಳನ್ನೇ ಉಜ್ಜಿ ಸವೆಸಿ ಕಚ್ಚು 'ಸರಿ' ಮಾಡಿಸುವುದು. ಕೀಲು ನೋವಿಗೆ ಹಲ್ಲಿನ ಹೊಂದಿಕೆಯೇ ಕಾರಣವೆಂಬ ನಂಬಿಕೆ 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಬರೆದ ಲೇಖನದಿಂದ ಬಲ ಪಡೆಯಿತು. ಇಂದಿನ ತಜ್ಞರು ಆ ಸಂಬಂಧವನ್ನು ಅಷ್ಟು ನೇರವೆಂದು ಒಪ್ಪುವುದಿಲ್ಲ. ಸ್ಪ್ಲಿಂಟ್ ಹೊಂದದಿದ್ದರೆ ತೆಗೆದಿಡಬಹುದು. ಉಜ್ಜಿ ಸವೆಸಿದ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮತ್ತೆ ಬೆಳೆಯುವುದಿಲ್ಲ.

ಹಗಲಿನ ಹೊತ್ತಿಗೆ ಯಾವ ಗಾರ್ಡೂ ಬೇಡ. ತುಟಿ ಮುಚ್ಚಿ, ಹಲ್ಲುಗಳ ನಡುವೆ 2–4 ಮಿಲಿಮೀಟರ್ ಬಿಡುವು ಇಟ್ಟುಕೊಳ್ಳುವುದು ದವಡೆಯ ಸಹಜ ವಿಶ್ರಾಂತಿ. ಕಂಪ್ಯೂಟರ್ ಮುಂದೆ ಕೂತಾಗ ಹಲ್ಲು ಕಚ್ಚಿರುವುದು ಗಮನಕ್ಕೆ ಬಂದ ಕೂಡಲೇ ನಾಲಿಗೆಯನ್ನು ಅಂಗುಳಿಗೆ ತಾಗಿಸಿ ದವಡೆ ಸಡಿಲಿಸುತ್ತೇನೆ. ಸಂಜೆಯ ನೋವಿಗೆ ಇದರಷ್ಟು ಕೆಲಸ ಮಾಡಿದ್ದು ಮತ್ತೊಂದಿಲ್ಲ.